ಕೂಸು ಹುಟ್ಟುವ ಮುನ್ನ ಕುಲಾವಿ



ಹೋದ ಸಂಚಿಕೆಯಲ್ಲಿ ಹೇರಳೆಕಾಯಿ ಉಪ್ಪಿನಕಾಯಿ ಬರೆದು, ಮುಂದಿನ ಸಲ ಮಾವಿನಮಿಡಿ ಎಂದು ಮಾತು ಕೊಟ್ಟಿದ್ದೆ. ಮಿಡಿ ಇನ್ನೊಂದು ಸಂಚಿಕೆಗೆ ಕಾಯಲಿ. ಹದಿನೈದು ದಿನದಿಂದ ನಮ್ಮ ಮನೆಯ ಒಂದು ಸಂಗತಿ ಮನಸ್ಸನ್ನು ಕೊರೆಯುತ್ತಿದೆ, ನಿಮ್ಮ ಹತ್ತಿರ ಹೇಳಿಕೊಳ್ಳದಿದ್ದರೆ ಸಮಾಧಾನವಿಲ್ಲ. ವಿಷಯ ಕಂಪ್ಯೂಟರ್ ಆಟದ್ದು. ಹಾಗಂತ ಕೂಡಲೇ ಪುಟ ಮಗುಚಬೇಡಿ. ಬೆಳೆದ ಮಕ್ಕಳಿರುವ ಮನೆಯಲ್ಲಿ ಇದು ಇಂದಲ್ಲ ನಾಳೆ ಬರುವ ಮಾತೇ.

ನಮ್ಮ ದೊಡ್ಡ ಮಗ ಇಂಜಿನಿಯರಿಂಗ್ ಎರಡನೆಯ ವರ್ಷ ಓದುತ್ತಿದ್ದಾನೆ. ದೀಪಾವಳಿಗೆ ಅಜ್ಜಿ ಕೊಟ್ಟದ್ದು, ಪಕ್ಕದ ಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಬಂದದ್ದು ಎಲ್ಲ ಕೂಡಿಟ್ಟು, ಸುಮಾರು ನಾಲ್ಕು ಸಾವಿರ ರೂಪಾಯಿ ಮುಂಗಡ ಕಟ್ಟಿ ಒಂದು ಹೊಸ ಆಟಕ್ಕೆ ಕಾದು ಕೂತಿದ್ದ. ಆಟದ ಹೆಸರು, ಕಂಪೆನಿಯ ಹೆಸರು ಬೇಡ ಬಿಡಿ. ದುಡ್ಡು ಕಟ್ಟಿದ್ದು ಆರು ತಿಂಗಳ ಹಿಂದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಾನು ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಗುರುತು ಹಾಕುತ್ತೇನಲ್ಲ, ಅದರ ಪಕ್ಕದಲ್ಲೇ ಅವನೂ ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಹಾಕಿದ್ದ.

ಆ ದಿನ ಬಂತು. ಮೂವರು ಗೆಳೆಯರೂ ಬಂದರು. ರಾತ್ರಿ ಹನ್ನೆರಡಕ್ಕೆ ಆಟ ತೆರೆಯುತ್ತದಂತೆ. ಹುಡುಗರು ನಿದ್ದೆಗೆಡುತ್ತಾರಲ್ಲ ಎಂದು ನಾನು ಒಂದು ಡಬ್ಬ ಕೋಡುಬಳೆ ಕರಿದಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಕೋಡುಬಳೆ ಹಾಗೇ ಇದೆ. ಗೆಳೆಯರು ಯಾವಾಗಲೋ ಹೊರಟುಹೋಗಿದ್ದರು. ಇವನ ಮುಖ ನೋಡಿದರೆ ಪರೀಕ್ಷೆಯಲ್ಲಿ ನಪಾಸಾದವನ ಹಾಗೆ.

"ಏನಾಯ್ತೋ?" ಅಂದೆ.

"ಆಟ ಸರಿ ಇಲ್ಲಮ್ಮ. ಅರ್ಧಂಬರ್ಧ ಬಿಟ್ಟಿದಾರೆ."

"ಅಯ್ಯೋ, ಆಟ ತಾನೇ? ಹೋಗ್ಲಿ ಬಿಡು. ಸ್ನಾನ ಮಾಡಿ ಓದ್ಕೋ ಹೋಗು."

"ನಿಂಗೆ ಗೊತ್ತಾಗಲ್ಲಮ್ಮ" ಅಂದವನೇ ಕೋಣೆಯ ಬಾಗಿಲು ಹಾಕಿಕೊಂಡ. ನಮ್ಮವರು ಪೇಪರಿನಿಂದ ತಲೆ ಎತ್ತದೆಯೇ "ನಾಲ್ಕು ಸಾವಿರ ಹೊಳೆಗೆ ಹಾಕಿದ" ಅಂದರು. ಮಧ್ಯಾಹ್ನ ಊಟಕ್ಕೂ ಬರಲಿಲ್ಲ.

ಸಂಜೆ ಕಾಫಿ ಹಿಡಿದುಕೊಂಡು ನಾನೇ ಒಳಗೆ ಹೋದೆ. ಬುದ್ಧಿ ಹೇಳುವುದಕ್ಕೆ ಹೋದವಳು ಅಲ್ಲೇ ಕೂತು ನೋಡಿದೆ. ಪರದೆಯ ಮೇಲೆ ಒಬ್ಬ ಮನುಷ್ಯ ಗೋಡೆಯೊಳಗೆ ಅರ್ಧ ಸಿಕ್ಕಿಕೊಂಡು ಮಾತಾಡುತ್ತಿದ್ದ. ತುಟಿ ಅಲ್ಲಾಡಿದರೆ ಮಾತಿಲ್ಲ, ಮಾತು ಬಂದಾಗ ತುಟಿ ಅಲ್ಲಾಡುವುದಿಲ್ಲ. ನನಗೆ ನಗು ಬಂತು, ತಡೆದುಕೊಂಡೆ. ಮಗ ಹೇಳಿದ: "ಮನೆ ಕಟ್ಟಿ ಮುಗ್ಸಿಲ್ಲ, ತಾರಸಿನೇ ಇಲ್ಲ, ಗೃಹಪ್ರವೇಶಕ್ಕೆ ಕರೆದುಬಿಟ್ಟಿದಾರೆ ನೋಡಮ್ಮ." ಹೀಗೆಂದಾಗ ನನಗೆ ಅರ್ಥವಾಯಿತು. ಆಮೇಲೆ ಅವನೇ ಇಂಥ ಹಿಂದಿನ ಕಥೆಗಳನ್ನು ಹೇಳುತ್ತಾ ಹೋದ. ಅದರಲ್ಲಿ ಒಂದನ್ನು ನೀವೂ ಕೇಳಬೇಕು.

ಪೋಲೆಂಡ್ ದೇಶದ ವಾರ್ಸಾದಲ್ಲಿ ಸಿಡಿ ಪ್ರಾಜೆಕ್ಟ್ ರೆಡ್ ಎಂಬ ಕಂಪೆನಿ ಇದೆ. 2015ರಲ್ಲಿ 'ದಿ ವಿಚರ್ 3' ಎಂಬ ಆಟ ಮಾಡಿ ಲೋಕವೆಲ್ಲ ಹೊಗಳುವಂಥ ಹೆಸರು ಗಳಿಸಿತು. ಅವರೇ 'ಸೈಬರ್‌ಪಂಕ್ 2077' ಎಂಬ ಇನ್ನೊಂದು ಆಟ ಮಾಡುತ್ತೇವೆಂದು 2012ರಲ್ಲೇ ಸಾರಿದ್ದರು. ಮುಂದೆ ಬರಲಿರುವ ಕಾಲದ ಒಂದು ಮಹಾನಗರ, ಅದರ ಬೀದಿ ಬೀದಿ ಸುತ್ತಬಹುದು ಎಂದೆಲ್ಲ ಆಸೆ ಹುಟ್ಟಿಸಿದರು. 2019ರಲ್ಲಿ ಲಾಸ್ ಏಂಜಲೀಸಿನ ದೊಡ್ಡ ಮೇಳದಲ್ಲಿ ಹಾಲಿವುಡ್ಡಿನ ನಟ ಕಿಯಾನು ರೀವ್ಸ್ ಅವರನ್ನೇ ವೇದಿಕೆಗೆ ಕರೆತಂದು, ಆಟದಲ್ಲಿ ಇವರೂ ಇರುತ್ತಾರೆ ಅಂದರು. ಆಟ ಬರುವುದು 2020ರ ಏಪ್ರಿಲ್ 16ಕ್ಕೆ ಎಂದು ಮುಹೂರ್ತವೂ ಗೊತ್ತಾಯಿತು.

ಆ ಮುಹೂರ್ತ ಸೆಪ್ಟೆಂಬರ್ 17ಕ್ಕೆ ಹೋಯಿತು. ಅಲ್ಲಿಂದ ನವೆಂಬರ್ 19ಕ್ಕೆ. ಅಕ್ಟೋಬರ್ ಮೊದಲಿಗೆ 'ಆಟ ಸಿದ್ಧ' ಎಂದು ಹೇಳಿದವರು ಅದೇ ತಿಂಗಳ ಕೊನೆಗೆ ಮತ್ತೆ ಮೂರು ವಾರ ಬೇಕೆಂದರು. ನಮ್ಮ ಕಡೆ ಮದುವೆ ಇಷ್ಟು ಸಲ ಮುಂದಕ್ಕೆ ಹೋಗಿದ್ದರೆ ಬೀಗರು ಸುಮ್ಮನಿರುತ್ತಿದ್ದರೇ? ಅಲ್ಲೂ ಸುಮ್ಮನಿರಲಿಲ್ಲ. ಆಟ ತಡವಾಯಿತೆಂದು ಅಲ್ಲಿನ ಕೆಲಸಗಾರರಿಗೆ ಕೊಲೆ ಬೆದರಿಕೆ ಹಾಕಿದವರೂ ಇದ್ದರಂತೆ! ಹೆಚ್ಚಿಗೆ ದುಡಿಸುವುದಿಲ್ಲ ಎಂದು 2019ರಲ್ಲಿ ಹೇಳಿದ್ದ ಕಂಪೆನಿ, 2020ರ ಸೆಪ್ಟೆಂಬರಿನಲ್ಲಿ ವಾರಕ್ಕೆ ಆರು ದಿನ ಕೆಲಸ ಕಡ್ಡಾಯ ಮಾಡಿತು.

ಕೊನೆಗೂ ಡಿಸೆಂಬರ್ 10ರಂದು ಆಟ ಬಂತು. ಅಷ್ಟರಲ್ಲಿ 80 ಲಕ್ಷ ಜನ ಮುಂಗಡವಾಗಿ ಕೊಂಡಿದ್ದರು. ಒಳ್ಳೆಯ ದುಬಾರಿ ಕಂಪ್ಯೂಟರ್ ಇದ್ದವರಿಗೆ ಹೇಗೋ ನಡೆಯಿತು. ಆದರೆ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಎಂಬ ಹಳೆಯ ಯಂತ್ರಗಳಲ್ಲಿ ಕೊಂಡವರ ಗತಿ ಕೇಳಬೇಡಿ. ಮುಖಗಳು ಮಸುಕು ಮಸುಕು, ದಾರಿಹೋಕರು ಕೈ ಚಾಚಿ ಬೆದರುಬೊಂಬೆಯಂತೆ ನಿಲ್ಲುವುದು, ಆಡುತ್ತಿರುವಾಗಲೇ ಆಟ ತಾನಾಗಿ ಮುಚ್ಚಿಹೋಗುವುದು! ಆ ಯಂತ್ರಗಳಲ್ಲೂ ಚೆನ್ನಾಗಿಯೇ ಓಡುತ್ತದೆ ಎಂದು ಬಿಡುಗಡೆಗೆ ಮುಂಚೆ ಕಂಪೆನಿಯೇ ಭರವಸೆ ಕೊಟ್ಟಿತ್ತು. ವಿಮರ್ಶೆ ಬರೆಯುವವರಿಗೆ ಮುಂಚಿತವಾಗಿ ಕೊಟ್ಟದ್ದು ಮಾತ್ರ ಕಂಪ್ಯೂಟರಿನ ಪ್ರತಿ. ಹೆಣ್ಣು ನೋಡಲು ಬಂದವರಿಗೆ ಅಕ್ಕನನ್ನು ತೋರಿಸಿ ತಂಗಿಯನ್ನು ಧಾರೆ ಎರೆದ ಹಾಗಾಯಿತು ಅನ್ನಿ.

ನಾಲ್ಕೇ ದಿನಕ್ಕೆ ಕಂಪೆನಿ ಕ್ಷಮೆ ಕೇಳಿತು. ಒಂದು ವಾರ ಕಳೆಯುವುದರಲ್ಲಿ ಸೋನಿಯವರು ತಮ್ಮ ಪ್ಲೇಸ್ಟೇಷನ್ ಅಂಗಡಿಯಿಂದಲೇ ಆಟವನ್ನು ತೆಗೆದುಹಾಕಿ, ಕೊಂಡವರಿಗೆ ದುಡ್ಡು ವಾಪಸ್ ಮಾಡುತ್ತೇವೆಂದರು. ಮತ್ತೆ ಅಲ್ಲಿ ಮಾರಾಟಕ್ಕೆ ಬಂದದ್ದು 2021ರ ಜೂನ್ 21ಕ್ಕೆ. ಆ ಜನವರಿಯಲ್ಲಿ ಕಂಪೆನಿ ಕಟ್ಟಿದವರಲ್ಲೊಬ್ಬರು, ತಪ್ಪು ನಮ್ಮದು, ಕೆಲಸಗಾರರನ್ನು ದೂರಬೇಡಿ ಎಂದು ಜನರ ಮುಂದೆ ಬಂದು ಒಪ್ಪಿಕೊಂಡರು. ಆ ಮಾತು ನನಗೆ ಹಿಡಿಸಿತು. ಆಮೇಲೆ ಸುಮ್ಮನೆ ಕೂರಲಿಲ್ಲ ಪಾಪ. ತಿದ್ದಿದರು, ತಿದ್ದಿದರು. 2022ರ ಫೆಬ್ರವರಿಯಲ್ಲಿ ದೊಡ್ಡ ತಿದ್ದುಪಡಿ, 2023ರ ಸೆಪ್ಟೆಂಬರಿನಲ್ಲಿ ಇನ್ನೂ ದೊಡ್ಡದು. ಈಗ ಅದೇ ಆಟವನ್ನು ಜನ ಮೆಚ್ಚಿ ಆಡುತ್ತಾರಂತೆ. ಆದರೆ ಒಂದು ಮಾತು ಗಮನಿಸಿ. ಆ 2023ರ ದೊಡ್ಡ ತಿದ್ದುಪಡಿ ಹಳೆಯ ಯಂತ್ರದವರಿಗೆ ಬರಲೇ ಇಲ್ಲ. ಯಾರಿಗೆ ಹೆಚ್ಚು ನೋವಾಗಿತ್ತೋ ಅವರ ಎಲೆಗೇ ಪಾಯಸ ಬೀಳಲಿಲ್ಲ.

"ಮುಂಚೆಯೂ ಹೀಗೇ ಇತ್ತೇನೋ?" ಎಂದು ಕೇಳಿದೆ. ಇತ್ತಂತೆ. 1982ರಲ್ಲಿ ಅಮೆರಿಕದ ಅಟಾರಿ ಕಂಪೆನಿ, ಸ್ಪೀಲ್‌ಬರ್ಗ್ ಅವರ 'ಇ.ಟಿ.' ಸಿನಿಮಾದ ಹೆಸರಿನಲ್ಲಿ ಕ್ರಿಸ್‌ಮಸ್ ವ್ಯಾಪಾರಕ್ಕೆಂದು ಒಂದು ಆಟ ತಂದಿತು. ಅದನ್ನು ಬರೆದ ಹೊವರ್ಡ್ ಸ್ಕಾಟ್ ವಾರ್ಷಾ ಅವರಿಗೆ ಸಿಕ್ಕಿದ್ದು ಐದೇ ವಾರ. ಮಕ್ಕಳು ಆಡಿ ಬೇಸತ್ತರು, ಲಕ್ಷಗಟ್ಟಲೆ ಪ್ರತಿ ಮಾರಾಟವಾಗದೆ ಉಳಿದವು. ಕಂಪೆನಿ 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮಗೋರ್ಡೊ ಎಂಬ ಊರಿನ ಕಸದ ಹೊಂಡಕ್ಕೆ ಲಾರಿಗಟ್ಟಲೆ ಸರಕು ಸುರಿದು ಮುಚ್ಚಿಸಿತು. ಇದೆಲ್ಲ ಕಟ್ಟುಕಥೆ ಎನ್ನುತ್ತಿದ್ದವರಿದ್ದರು. 2014ರಲ್ಲಿ ಅಗೆದು ನೋಡಿದರೆ ಆ ಆಟದ ಡಬ್ಬಿಗಳು ನಿಜಕ್ಕೂ ಸಿಕ್ಕವು!

ಆಗ ಆಟ ಡಬ್ಬಿಯಲ್ಲಿ ಬರುತ್ತಿತ್ತು. ಒಮ್ಮೆ ಅಂಗಡಿಗೆ ಹೋದ ಮೇಲೆ ತಿದ್ದುವಂತಿರಲಿಲ್ಲ. ಈಗ ಹಾಗಲ್ಲ. ಇಂಟರ್‌ನೆಟ್ಟಿನಲ್ಲೇ ತಿದ್ದುಪಡಿ ಕಳಿಸುತ್ತಾರೆ. ಪ್ಯಾಚ್ ಅನ್ನುತ್ತಾರೆ, ನಮ್ಮ ತೇಪೆಯೇ. ಹರಿದ ಮೇಲೆ ತೇಪೆ ಹಾಕುವುದು ಸಂಸಾರದ ಲಕ್ಷಣ. ಆದರೆ ತೇಪೆ ಹಾಕಬಹುದಲ್ಲ ಎಂದು ಹರಿದ ಸೀರೆಯನ್ನೇ ಹೊಸದೆಂದು ಮಾರಿದರೆ?

ಇದನ್ನು ಹೇಳುತ್ತಿದ್ದ ಹಾಗೇ ನನ್ನ ಬಾಯಿ ಕಟ್ಟಿತು ಸೋದರಿಯರೇ. ಯಾಕೆ ಗೊತ್ತೇ? ಹಾಗೆ ಮಾರಿದವಳು ನಾನೂ ಹೌದು.

ಹನ್ನೆರಡು ವರ್ಷದ ಹಿಂದಿನ ಮಾತು. ನಮ್ಮವರಿಗೆ ಮೂರು ತಿಂಗಳು ಸಂಬಳ ಬಂದಿರಲಿಲ್ಲ. ಬಡಾವಣೆಯ ಒಂದು ಮನೆಯವರು ಮಗಳ ಮದುವೆಗೆಂದು ಐದು ನೂರು ಹಪ್ಪಳ ಹೇಳಿ ಮುಂಗಡ ಕೊಟ್ಟರು. ಆ ದುಡ್ಡು ಅದೇ ವಾರ ಮಕ್ಕಳ ಸ್ಕೂಲ್ ಫೀಸಿಗೆ ಹೋಯಿತು. ಹಪ್ಪಳ ಒತ್ತಿ ಹರಡಿದೆ, ಅಕಾಲದಲ್ಲಿ ಮಳೆ ಹಿಡಿಯಿತು. ವಾರವಾದರೂ ಬಿಸಿಲಿಲ್ಲ. ಮದುವೆ ದಿನ ಹತ್ತಿರ ಬಂತು. 'ಒಣಗಿಲ್ಲ, ನಾಲ್ಕು ದಿನ ತಡಿಯಿರಿ' ಅನ್ನಲು ನಾಚಿಕೆ. ದುಡ್ಡು ವಾಪಸ್ ಕೊಡೋಣವೆಂದರೆ ಕೈಯಲ್ಲಿಲ್ಲ. 'ಹೇಗೂ ಅವರ ಮನೆಯಲ್ಲಿ ದೊಡ್ಡ ತಾರಸಿ ಇದೆ, ಉಳಿದ ಬಿಸಿಲು ಅಲ್ಲೇ ಕಾಯಲಿ' ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಹಸಿ ಆರದ ಹಪ್ಪಳವನ್ನು ಡಬ್ಬಕ್ಕೆ ತುಂಬಿ ಕೊಟ್ಟೆ.

ಮದುವೆಯ ಹಿಂದಿನ ದಿನ ಆ ತಾಯಿ ಬಂದರು. ಬಯ್ಯಲಿಲ್ಲ. ಡಬ್ಬದ ಮುಚ್ಚಳ ತೆಗೆದು ತೋರಿಸಿದರು ಅಷ್ಟೇ. ಬೂಸಲು! ದುಡ್ಡನ್ನು ಕಂತಿನಲ್ಲಿ ತೀರಿಸಿದೆ. ಆದರೆ ಅವರ ಬೀದಿಯಲ್ಲಿ ಓಡಾಡಲು ನನಗೆ ಒಂದು ವರ್ಷ ಬೇಕಾಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ. ಮುಂಗಡದ ದುಡ್ಡು ಕೈಗೆ ಬಂದ ಮೇಲೆ ಕೈಕೆಲಸ ಹೇಗೆ ಸಡಿಲವಾಗುತ್ತದೆ, ನಿಜ ಹೇಳುವ ಬಾಯಿ ಹೇಗೆ ಒಣಗುತ್ತದೆ ಎನ್ನುವುದು ನನಗೆ ಅಂದೇ ಗೊತ್ತಾದದ್ದು.

ಈ ಕಥೆಯನ್ನು ಮಕ್ಕಳಿಗೆ ಎಂದೂ ಹೇಳಿರಲಿಲ್ಲ. ಅವತ್ತು ಹೇಳಿದೆ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಾ, ಅಂದ್ರೆ ನೀನೂ ಪ್ರೀ-ಆರ್ಡರ್ ತಗೊಂಡಿದ್ದೆ!" ಎಂದು ನಕ್ಕ. ಆ ದಿನದ ಮೊದಲ ನಗು. ಆಮೇಲೆ ಮೆಲ್ಲಗೆ, "ನಮ್ಮ ಸ್ಕೂಲ್ ಫೀಸಿಗಾ?" ಅಂದ. ಕಾಫಿ ಆರಿಹೋಗಿತ್ತು. ಬಿಸಿ ಮಾಡುವ ನೆಪದಲ್ಲಿ ನಾನು ಎದ್ದು ಬಂದೆ.

ಇನ್ನು ನಿಮಗೆ ಕೆಲವು ಕಿವಿಮಾತು:

ಮಕ್ಕಳು ಇಂಥದ್ದಕ್ಕೆ ಮುಂಗಡ ಕಟ್ಟುತ್ತೇವೆಂದರೆ 'ಯಾಕೆ?' ಎಂದು ಕೇಳಿ. ಮಾವಿನಹಣ್ಣು ಸೀಸನ್ ಮುಗಿದರೆ ಸಿಗುವುದಿಲ್ಲ, ಸರಿ. ಇಂಟರ್‌ನೆಟ್ಟಿನಲ್ಲಿ ಇಳಿಸಿಕೊಳ್ಳುವ ಆಟ ತೀರಿಹೋಗುವ ಸರಕಲ್ಲ. ಬಿಡುಗಡೆಯಾಗಿ ಎರಡು ವಾರ ಕಳೆಯಲಿ, ಆಡಿದವರು ಏನೆನ್ನುತ್ತಾರೆ ಕೇಳಿಕೊಂಡು ಕೊಳ್ಳಲಿ. ಎಷ್ಟೋ ಸಲ ಕೆಲವು ತಿಂಗಳು ಕಾದರೆ ಬೆಲೆಯೂ ಇಳಿಯುತ್ತದೆ, ತೇಪೆಗಳೂ ಬಿದ್ದಿರುತ್ತವೆ.

ವಿಮರ್ಶೆ ಓದುವಾಗ ನಿಮ್ಮ ಮನೆಯಲ್ಲಿರುವ ಯಂತ್ರದಲ್ಲೇ ಆಡಿ ನೋಡಿ ಬರೆದದ್ದೇ ಎಂದು ವಿಚಾರಿಸಿ. ಬೇರೆ ಒಲೆಯ ಮೇಲೆ ಬೆಂದ ಅಡುಗೆಯ ರುಚಿ ನಮಗೇಕೆ?

ಕೊಂಡಾದ ಮೇಲೆ ಕೆಟ್ಟದ್ದೆಂದು ತಿಳಿದರೆ ಆಡುತ್ತಾ ಕೂರಬೇಡಿ. ಸ್ಟೀಮ್ ಎಂಬ ದೊಡ್ಡ ಅಂಗಡಿಯ ಕಟ್ಟಳೆ ಹೀಗಿದೆ: ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಕೇಳಿದವರಿಗೆ ದುಡ್ಡು ವಾಪಸ್. ಮುಂಗಡ ಕಟ್ಟಿದ್ದರೆ ಆ 14 ದಿನ ಬಿಡುಗಡೆಯ ದಿನದಿಂದ ಶುರು. ಒಂದೊಂದು ಅಂಗಡಿಗೆ ಒಂದೊಂದು ರೀತಿ, ಕೊಳ್ಳುವ ಮುಂಚೆಯೇ ನೋಡಿಟ್ಟುಕೊಳ್ಳಿ. ನಮ್ಮ ಹುಡುಗ 'ಮುಂದೆ ಸರಿಹೋಗುತ್ತೇನೋ' ಎಂಬ ಆಸೆಯಲ್ಲಿ ಬೆಳಗಿನವರೆಗೂ ಆಡಿದ್ದ. ದುಡ್ಡು ಹೋದದ್ದು ಹೋಯಿತು.

ಕೊನೆಯದಾಗಿ, ನಾನು ಅಂದ ಹಾಗೆ 'ಆಟ ತಾನೇ' ಅನ್ನಬೇಡಿ. ಆರು ತಿಂಗಳು ಕ್ಯಾಲೆಂಡರ್ ನೋಡಿದ ಜೀವ ಅದು. ಸೀರೆಯ ಚೀಟಿ ಕಟ್ಟಿ ವರ್ಷವೆಲ್ಲ ಕಾದು, ಕೊನೆಗೆ ಬಣ್ಣ ಬಿಡುವ ಸೀರೆ ಬಂದಾಗ ಯಾರಾದರೂ 'ಬಟ್ಟೆ ತಾನೇ' ಅಂದರೆ ನಮಗೆ ಹೇಗಾಗುತ್ತದೆ? ಮೊದಲು ಹತ್ತಿರ ಕೂತು ಕೇಳಿ. ಲೆಕ್ಕ, ಬುದ್ಧಿವಾದ ಎರಡು ದಿನ ಬಿಟ್ಟು ಬರಲಿ.

ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಇಲ್ಲ. ಮೊನ್ನೆ ಇನ್ನೊಂದು ಹೊಸ ಆಟದ ಜಾಹೀರಾತು ಬಂದಾಗ, "ಬರಲಿ ಬಿಡಮ್ಮ, ಹಪ್ಪಳ ಒಣಗ್ಲಿ" ಅಂದ. ಅದೀಗ ನಮ್ಮ ಮನೆಯ ಗಾದೆಯಾಗಿದೆ.

ಹೇಳಿದ ದಿನಕ್ಕೆ ಹೇಳಿದ್ದನ್ನು ಕೊಡದ ತಪ್ಪು ಈ ಸಲ ನನ್ನದೂ ಇದೆ. ಮಿಡಿ ಇನ್ನೂ ಉಪ್ಪಿನಲ್ಲಿದೆ, ಸರಿಯಾಗಿ ಮುದುಡಿಲ್ಲ. ಮುದುಡಿದ ಮೇಲೆಯೇ ಖಾರ ಅರೆದು ನಿಮ್ಮ ಮುಂದೆ ಇಡುತ್ತೇನೆ. ಅಲ್ಲಿಯವರೆಗೆ ಸ್ವಲ್ಪ ತಾಳ್ಮೆ ಇರಲಿ. ಏನಂತೀರಿ?