ಕುರಿಹಟ್ಟಿಯಿಂದ ಕೃತಕ ಕೀಲಿಗೆ
ಕೊಪ್ಪಳ ಸೀಮೆಯ ಮಂಗಳೂರಿನ ಕಡೆ ಕಂದು ಹಾಕಿದ ಕುರಿಯ ಮಾಸನ್ನು ಬರಿಗೈಯಲ್ಲಿ ಎತ್ತುವುದಾಗಲಿ, ಕಾಯಿಸದ ಹಾಲನ್ನು ಕುಡಿಯುವುದಾಗಲಿ ಕುರಿಗಾರರಿಗೆ ಹೊಸತಲ್ಲ. ಇದಕ್ಕೂ ಮೊಣಕಾಲಿಗೆ ಕೂಡಿಸಿದ ಲೋಹದ ಕೀಲಿಗೂ ಏನು ನಂಟೆಂದು ವಾಚಕರು ಕೇಳಬಹುದು. ನಂಟುಂಟು. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾವೈದ್ಯನು ಕಂಡುಹಿಡಿದ ಸೂಕ್ಷ್ಮಾಣುವು, ಈಗ ಬ್ರುಸೆಲ್ಲಾ ಎನಿಸಿಕೊಳ್ಳುವುದು, ಹೀಗೆ ಮೈಹೊಕ್ಕು ರಕ್ತದೊಡನೆ ಹರಿದು ಎಲ್ಲೋ ಒಬ್ಬರ ಕೃತಕ ಕೀಲಿನಲ್ಲಿ ಬೀಡುಬಿಡುತ್ತದೆ. ಅಂತಹ ಕೀಲುಗಳ ಸೋಂಕು ಬಹುಮಟ್ಟಿಗೆ ನಮ್ಮ ಚರ್ಮದ ಮೇಲೆಯೇ ಇರುವ ಸ್ಟೆಫಿಲೊಕಾಕಸ್‌ನದು. ಇದು ಅತಿ ವಿರಳ. ವಿರಳವಾದುದರಿಂದಲೇ ವೈದ್ಯರನ್ನೂ ವಂಚಿಸುತ್ತದೆ. ಶಸ್ತ್ರಕ್ರಿಯೆಯಾಗಿ ವರ್ಷಗಳೇ ಕಳೆದ ಮೇಲೆ ಮೆಲ್ಲನೆ ನೋವು, ಬಂದುಹೋಗುವ ಜ್ವರ, ರಾತ್ರಿಯ ಬೆವರು. ಕಡೆಗೆ ಕೀಲೇ ಸಡಿಲ. ಪ್ರಯೋಗಾಲಯದಲ್ಲಿಯೂ ಅದು ನಿಧಾನವಾಗಿ ಬೆಳೆಯುತ್ತದೆ. ಮೊದಲೇ ಸುಳಿವಿತ್ತರೆ ಅಲ್ಲಿನವರು ಹೆಚ್ಚು ದಿನ ಕಾದು ನೋಡುವರು, ತಾವೂ ಎಚ್ಚರದಿಂದಿರುವರು. ಪರೀಕ್ಷಿಸುವವರಿಗೂ ಅದು ಅಂಟಬಲ್ಲುದು! ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್‌ಗಳನ್ನು ಕೂಡಿಸಿ ಬಹುಕಾಲ ಸೇವಿಸಬೇಕು. ಸಡಿಲಿದ ಕೀಲನ್ನು ತೆಗೆದು ಬೇರೆ ಹಾಕುವುದೂ ಉಂಟು. ನಗರದ ವೈದ್ಯರು ನೋವಿನ ವಿಚಾರವನ್ನಷ್ಟೇ ಕೇಳಿಯಾರು. ಕುರಿಯ ಸಂಗತಿಯನ್ನು ನೀವಾಗಿಯೇ ಹೇಳಿಬಿಡಿ. ಅಜ್ಜನವರಿಗೆ ಸಂಕೋಚವಾದರೆ ಜೊತೆಗೆ ಹೋದ ಮೊಮ್ಮಗನಾದರೂ ಹೇಳಲಿ.