ಕಿಟಕಿ ಎಣಿಸುವ ಕಾಗದ, ತೂಕ ಮರೆಯುವ ಗಾಡಿ

ಬ್ರಿಟನ್ನಿನಲ್ಲಿ ಹಳೆಯ ಸರಕು ವ್ಯಾನ್ ಕೊಂಡು, ಒಳಗೆ ಮಂಚ, ಒಲೆ, ಸಿಂಕು ಕೂಡಿಸಿ ಊರೂರು ಸುತ್ತುವವರು ಬಹಳ. ಮರಗೆಲಸ ಮುಗಿದ ಮೇಲೆ ಕಾಗದಪತ್ರದ ಪರದಾಟ ಶುರು. ದಾಖಲೆಯಲ್ಲಿ ‘ಮೋಟಾರ್ ಕ್ಯಾರವಾನ್’ ಎಂದು ಬರೆಸಬೇಕಾದರೆ ಗಾಡಿ ಹೊರನೋಟಕ್ಕೂ ಹಾಗೇ ಕಾಣಬೇಕು ಎನ್ನುತ್ತದೆ ಅಲ್ಲಿನ ನೋಂದಣಿ ಸಂಸ್ಥೆ ಡಿವಿಎಲ್‌ಎ. ಒಂದು ಬದಿಗಾದರೂ ಎರಡು ಕಿಟಕಿ, ಎರಡೂ ಬದಿಗೆ ಕ್ಯಾರವಾನ್ ಶೈಲಿಯ ಚಿತ್ತಾರ, ಬಿಸಿಲುಮರೆ ಹಾಕುವ ಕಂಬಿ, ಹೀಗೆ ಪಟ್ಟಿ ಬೆಳೆಯುತ್ತದೆ. ಒಳಗೆ ಎಷ್ಟು ಚೆಂದದ ಅಡುಗೆಮನೆಯಿದ್ದರೂ ‘ಕಿಟಕಿಯುಳ್ಳ ವ್ಯಾನ್’ ಎಂದಷ್ಟೇ ಬರೆಸಿಕೊಂಡು ಮರಳಿದವರಿದ್ದಾರೆ.

ರಸ್ತೆಯಲ್ಲಿ ಕಂಡ ಗಾಡಿಗೂ ದಾಖಲೆಗೂ ತಾಳೆಯಾಗಬೇಕು, ಪೊಲೀಸರಿಗೆ ಗುರುತು ಸಿಗಬೇಕು ಎಂಬುದು ಸಂಸ್ಥೆಯ ವಾದ. ತಪ್ಪೇನಲ್ಲ. ಆದರೆ ಸ್ಟಿಕ್ಕರ್ ಅಂಟಿಸಿದ ಮಾತ್ರಕ್ಕೆ ಬ್ರೇಕಿನ ಮೇಲಿನ ಹೊರೆ ಇಳಿಯುವುದಿಲ್ಲ.

ನಿಜವಾದ ಅಪಾಯ ತೂಕದಲ್ಲಿದೆ. ಸ್ಪ್ರಿಂಟರ್, ಡುಕಾಟೊಗಳಂಥ ವ್ಯಾನುಗಳಲ್ಲಿ ಬಹುಪಾಲಿಗೆ ಸರಕು, ಜನ ಎಲ್ಲ ಸೇರಿ 3,500 ಕೆ.ಜಿ. ಮಿತಿ. ಬರಿಯ ಗಾಡಿಯೇ ಸುಮಾರು ಎರಡು ಟನ್ ನುಂಗುತ್ತದೆ. ಉಳಿದದ್ದರಲ್ಲಿ ಪ್ಲೈವುಡ್, ಬ್ಯಾಟರಿ, ಫ್ರಿಜ್, ಸೈಕಲ್ಲು, ನಾಲ್ಕು ಜನ. ನೂರು ಲೀಟರ್ ನೀರೆಂದರೆ ನೂರು ಕೆ.ಜಿ. ಒಟ್ಟು ತೂಕ ಮಿತಿಯೊಳಗಿದ್ದರೂ, ಟ್ಯಾಂಕು, ಕಪಾಟುಗಳೆಲ್ಲ ಹಿಂದಕ್ಕೆ ಸೇರಿದರೆ ಹಿಂದಿನ ಆಕ್ಸಲ್ ತನ್ನ ಮಿತಿ ಮೀರಿರುತ್ತದೆ. ಅದೂ ಅಪರಾಧವೇ.

‘ಮೋಟಾರ್ ಕ್ಯಾರವಾನ್’ ಎಂಬ ಹೆಸರಿನ ಆಸೆಗೆ ವೇಗದ ಮಿತಿಯೂ ಒಂದು ಕಾರಣ. ಇಂಗ್ಲೆಂಡಿನಲ್ಲಿ ನಡುವೆ ವಿಭಜಕವಿಲ್ಲದ ಹೆದ್ದಾರಿಯಲ್ಲಿ ಇಂಥ ವ್ಯಾನಿಗೆ ಗಂಟೆಗೆ 50 ಮೈಲಿ, ಮೋಟಾರ್ ಕ್ಯಾರವಾನಿಗೆ 60. ತಮಾಷೆಯೆಂದರೆ, ಖಾಲಿ ತೂಕ 3.05 ಟನ್ ದಾಟಿದ ಕ್ಯಾರವಾನೂ 50ಕ್ಕೇ ಇಳಿಯಬೇಕು.

ಚಾಲನಾ ಪರವಾನಗಿಯೂ ತೂಕವನ್ನೇ ಹಿಡಿದು ನಿಂತಿದೆ. 1997ಕ್ಕೆ ಮುಂಚೆ ಕಾರಿನ ಪರೀಕ್ಷೆ ಪಾಸಾದವರು ಸಾಮಾನ್ಯವಾಗಿ 7,500 ಕೆ.ಜಿ.ವರೆಗೆ ಓಡಿಸಬಹುದು, ಆಮೇಲಿನವರಿಗೆ ಡೀಸೆಲ್ ವ್ಯಾನಾದರೆ 3,500. ಭಾರತದ ಎಲ್‌ಎಂವಿ (ಲಘು ಮೋಟಾರು ವಾಹನ) ಪರವಾನಗಿಯ ಗೆರೆ 7,500 ಕೆ.ಜಿ. ಬೆಂಗಳೂರಿನಿಂದ ಬ್ರಿಟನ್ನಿಗೆ ಹೋಗಿ ನೆಲೆಸಿದವರು ಹೊಸದಾಗಿ ಕಾರಿನ ಪರೀಕ್ಷೆ ಪಾಸಾದಾಗ ಆ ಗೆರೆ ಅರ್ಧಕ್ಕೂ ಕೆಳಗೆ ಕುಸಿಯುತ್ತದೆ.

ಹಾಗಾದರೆ ನೋಂದಣಿಗೆ ಕೊಡುವ ಗಾಡಿಯ ಫೋಟೊ ಜೊತೆ ವೇಬ್ರಿಜ್ (ಗಾಡಿ ತೂಗುವ ಕಟ್ಟೆ) ಚೀಟಿಯನ್ನೂ ಕಡ್ಡಾಯ ಮಾಡಬಾರದೇಕೆ? ಖರ್ಚು ಅಲ್ಪ, ಹಿಡಿಯುವುದು ಅರ್ಧ ಗಂಟೆ. ತೂಗುವಾಗ ಮಾತ್ರ ನೀರಿನ ಟ್ಯಾಂಕು ತುಂಬಿರಬೇಕು, ಎರಡೂ ಆಕ್ಸಲ್‌ಗಳನ್ನು ಬೇರೆಬೇರೆಯಾಗಿ ತೂಗಬೇಕು.