ಅಬ್ದುಲ್ ಎಂಬುದು ಅರ್ಧ ಹೆಸರು

ಅರ್ಜಿ ನಮೂನೆಗಳಲ್ಲಿ ಹೆಸರಿಗೊಂದು ಚೌಕ, ಕುಲನಾಮಕ್ಕೆ ಇನ್ನೊಂದು. ಅಬ್ದುಲ್ ರಹಮಾನ್ ಎಂಬ ಹೆಸರು ಅಲ್ಲಿಗೆ ಬಂದೊಡನೆ ಎರಡು ತುಂಡಾಗುತ್ತದೆ. ಅಂದಿನಿಂದ ಆ ವ್ಯಕ್ತಿ ಎಲ್ಲ ಕಡತಗಳಲ್ಲೂ ‘ಶ್ರೀ ಅಬ್ದುಲ್’. ಅರಬ್ಬಿಯಲ್ಲಿ ‘ಅಬ್ದ್’ ಎಂದರೆ ದಾಸ. ಕೊನೆಯಲ್ಲಿ ಕೇಳಿಸುವ ಲಕಾರ ಮುಂದಿನ ಪದಕ್ಕೆ ಸೇರಿದ ಉಪಪದ. ರಹಮಾನ್ ಎಂದರೆ ಪರಮ ಕರುಣಾಳು, ಅದು ದೇವರ ನಾಮ. ಹಾಗಾಗಿ ಬರೀ ‘ಅಬ್ದುಲ್’ ಎಂದರೆ ದಾಸನೆಂದು ಕೂಗಿ, ಯಾರ ದಾಸನೆಂಬುದನ್ನು ನುಂಗಿಕೊಂಡಂತೆ. ಬರೀ ‘ರಹಮಾನ್’ ಎನ್ನುವುದೂ ಶ್ರದ್ಧಾವಂತರಿಗೆ ಇರುಸುಮುರುಸಿನ ಮಾತೇ. ದೇವರಿಗೆ ಮೀಸಲಾದ ಹೆಸರಿನಿಂದ ಮನುಷ್ಯನನ್ನು ಕರೆದಂತಾಗುತ್ತದೆ. ರಾಮದಾಸ, ಶಿವದಾಸರನ್ನು ಬಲ್ಲ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ‘ಉದ್ದೀನ್’ ಕೂಡ ಕುಲನಾಮವಲ್ಲ, ‘ಧರ್ಮದ’ ಎಂಬ ಷಷ್ಠಿಯ ತುಣುಕು ಅಷ್ಟೆ.

ಇದು ವ್ಯಾಕರಣದ ಜಿಜ್ಞಾಸೆಯಷ್ಟೇ ಆಗಿದ್ದರೆ ಪಂಡಿತರಿಗೆ ಬಿಡಬಹುದಿತ್ತು. ಆದರೆ ಅರಬ್ಬಿ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಅದನ್ನು ಬೇರೆ ಲಿಪಿಗೆ ತರುವಾಗ ಒಬ್ಬರು ಮಹಮ್ಮದ್ ಎಂದರೆ ಇನ್ನೊಬ್ಬರು ಮೊಹಮ್ಮದ್ ಎನ್ನುತ್ತಾರೆ, ಮತ್ತೊಬ್ಬರು ಎರಡಕ್ಷರಕ್ಕೆ ಮೊಟಕುಗೊಳಿಸುತ್ತಾರೆ. ಶಾಲಾ ದಾಖಲೆ, ಮತದಾರರ ಪಟ್ಟಿ, ಪಾಸ್‌ಪೋರ್ಟ್‌ಗಳಲ್ಲಿ ಒಬ್ಬನೇ ಮನುಷ್ಯ ಮೂವರಾಗುತ್ತಾನೆ. ಬರೆದವರು ಗುಮಾಸ್ತರು, ಪ್ರಮಾಣಪತ್ರ ಮಾಡಿಸಿಕೊಂಡು ಅಲೆಯಬೇಕಾದವನು ಹೆಸರಿನ ಒಡೆಯ. ಈ ಹೊರೆ ಅವನ ತಲೆಯ ಮೇಲೇಕೆ ಇರಬೇಕು?

ಇಂಥ ಹೆಸರುಗಳೆಲ್ಲ ಪರದೇಶದ ಮತಚಿಹ್ನೆಗಳೆಂಬ ಭಾವನೆಯೂ ಈ ಉದಾಸೀನಕ್ಕೆ ಕಾರಣವಿದ್ದೀತು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಹೆಸರನ್ನೇ ನೋಡಿ. ಅರಬ್ಬಿಯ ‘ಅಮೀರ’, ಪಾರಸಿಯ ‘ಜಾದಾ’ ಕೂಡಿ ಸವೆದು ಮಿರ್ಜಾ ಆಯಿತು. ಅಮೀರನ ಮಗನೆಂದು ಅರ್ಥ. ಇಸ್ಮಾಯಿಲ್ ಹೀಬ್ರೂ ಮೂಲದ್ದು: ದೇವರು ಆಲಿಸುತ್ತಾನೆ. ಮೆಹರುನ್ನೀಸಾ ಎಂದರೆ ಸ್ತ್ರೀಯರಲ್ಲಿ ಸೂರ್ಯ. ಅಲ್ಲಿನ ‘ಮೆಹರ್’ ಇಸ್ಲಾಮಿಗೂ ಹಿಂದಿನ ಇರಾನಿನ ದೇವತೆ ಮಿಥ್ರ, ನಮ್ಮ ವೇದಗಳ ಮಿತ್ರನ ಒಡಹುಟ್ಟು. ಜಮ್ಶೇದ್ ಎಂಬ ಹೆಸರಿನೊಳಗೆ ಅವೆಸ್ತಾದ ಯಿಮನಿದ್ದಾನೆ. ಅವನು ನಮ್ಮ ಯಮನ ದಾಯಾದಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕನಸು ಕಂಡ ಜಮ್ಶೆಟ್‌ಜಿ ಟಾಟಾ ಪಾರ್ಸಿ. ಅದೇ ಹೆಸರನ್ನು ಮುಸಲ್ಮಾನರೂ ಇಡುತ್ತಾರೆ.

ಅಷ್ಟು ದೂರ ಹೋಗುವುದೂ ಬೇಡ. ನ್ಯಾಯಾಲಯದ ‘ಅಮೀನ’ ಎಂದರೆ ನಂಬಿಕಸ್ಥ. ಅಮೀನಾ ಎಂಬ ಹೆಣ್ಣುಮಗಳ ಹೆಸರೂ ಅದೇ ಧಾತುವಿನದು. ವ್ಯಾಜ್ಯದಲ್ಲಿ ನಾವು ಮಾಡಿಕೊಳ್ಳುವ ‘ರಾಜಿ’ಗೂ ರಜಿಯಾಳ ಹೆಸರಿಗೂ ಮೂಲ ಒಂದೇ: ಒಪ್ಪಿ ಸಂತುಷ್ಟವಾಗುವುದು.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ನಮೂನೆಗಳಲ್ಲಿ ಪೂರ್ಣ ಹೆಸರಿಗೆ ಒಂದೇ ಚೌಕವಿರಲಿ, ಕುಲನಾಮ ಕಡ್ಡಾಯವಾಗದಿರಲಿ. ಕುಲನಾಮವೇ ಇಲ್ಲದ ಅಸಂಖ್ಯ ಕನ್ನಡಿಗರಿಗೂ ಇದರಿಂದ ಅನುಕೂಲ. ಬರೆದುಕೊಳ್ಳುವವರು ಎದುರಿಗಿರುವವರನ್ನು ಒಮ್ಮೆ ಕೇಳಿ ಬರೆಯಲಿ. ದಿನವಿಡೀ ಕಡತಗಳ ಮೇಲೆ ‘ಮಂಜೂರು’ ಎಂದು ತಪ್ಪಿಲ್ಲದೆ ಬರೆಯುವ ಕೈಗೆ, ಅದೇ ಪದವನ್ನು ಹೆಸರಾಗಿ ಹೊತ್ತು ಬಂದ ಮಂಜೂರ್ ಅಹಮದ್‌ನ ಹೆಸರನ್ನು ಸರಿಯಾಗಿ ಬರೆಯುವುದು ಕಷ್ಟವಾಗಬಾರದು.